ತಿಪ್ಪೆಯ ಮೇಲಿಂದ ಎತ್ತಿಕೊಂಡ ಹೆಸರುಗಳು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಿಚಿತ್ರ ಹೆಸರುಗಳನ್ನು ಕುರಿತು ಪ್ರಕಟವಾದ ಲಘು ಬರಹವನ್ನು ಓದಿದೆ. ಹಕ್ಕಿಪಿಕ್ಕಿ ಜನರು ಮಕ್ಕಳಿಗೆ ಹೈಕೋರ್ಟ್, ಗೂಗಲ್ ಎಂದೆಲ್ಲ ಹೆಸರಿಟ್ಟದ್ದರಿಂದ ಮೊದಲುಗೊಂಡು ನಮ್ಮ ಹಳ್ಳಿಗಳ ಹಳೆಯ ಹೆಸರುಗಳವರೆಗೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಲೇಖಕರು, ತಿಪ್ಪೇಸ್ವಾಮಿ ಎಂಬ ಹೆಸರಿಗೆ 'ಕಸದ ರಾಶಿಯ ಒಡೆಯ' ಎಂದು ಅರ್ಥ ಬರೆದು ಮುಂದೆ ಸಾಗಿದ್ದಾರೆ. ನನ್ನ ಹೆಸರೂ ತಿಪ್ಪೇಸ್ವಾಮಿ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಹೆಸರಿನ ಬಗ್ಗೆ ಯಾರಾದರೂ ನಕ್ಕರೆ ಜೊತೆಯಲ್ಲಿ ನಗುವ ಅಭ್ಯಾಸ ನನಗಿದೆ. ಆದರೆ ಅರ್ಥವನ್ನೇ ತಪ್ಪಾಗಿ ಹೇಳಿದಾಗ ಸುಮ್ಮನಿರಲು ಹಳೆಯ ಮೇಷ್ಟರ ಚಟ ಬಿಡುವುದಿಲ್ಲವಾದ್ದರಿಂದ ಈ ಪತ್ರ.

ನನಗಿಂತ ಮೊದಲು ನಮ್ಮ ತಾಯಿಗೆ ಹುಟ್ಟಿದ ಇಬ್ಬರು ಗಂಡುಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದರಂತೆ. ಮೂರನೆಯವನಾಗಿ ನಾನು ಹುಟ್ಟಿದ ಹನ್ನೊಂದನೆಯ ದಿನ ಬೆಳಗಿನ ಜಾವ ನಮ್ಮಜ್ಜಿ ನನ್ನನ್ನು ಮೊರದಲ್ಲಿ ಮಲಗಿಸಿಕೊಂಡು ಹೋಗಿ ಹಿತ್ತಿಲಿನ ತಿಪ್ಪೆಯ ಮೇಲೆ ಇಟ್ಟು, ಹಿಂದಿರುಗಿ ನೋಡದೆ ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡಳು. ಮೊದಲೇ ಮಾತಾಗಿದ್ದಂತೆ ಪಕ್ಕದ ಮನೆಯಾಕೆ ಬಂದು, 'ಯಾರದೋ ಕೂಸು ತಿಪ್ಪೆ ಮ್ಯಾಲೆ ಬಿದ್ದೈತಲ್ರವ್ವ' ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. 'ನಮ್ದಲ್ಲವ್ವ, ಬ್ಯಾಡಾಗಿ ಬಿಸಾಕಿರ್ತಾರೆ, ನಿನಗೆ ಬೇಕಾದ್ರೆ ಎತ್ಕೋ' ಎಂದು ಅಜ್ಜಿ ಒಳಗಿನಿಂದಲೇ ಉತ್ತರ ಕೊಟ್ಟಳು. ಆಕೆ ಎತ್ತಿಕೊಂಡು ಹೋಗಿ ಒಂದು ಹೊತ್ತು ತನ್ನ ಮನೆಯಲ್ಲಿಟ್ಟುಕೊಂಡ ಮೇಲೆ, ಅದೇ ಮೊರದ ತುಂಬ ನವಣೆ ಕೊಟ್ಟು ನನ್ನನ್ನು ಕೊಂಡುಕೊಂಡು ಬಂದರು. ಸಾವಿನ ಕಣ್ಣಿಗೆ ನಾನು ಆ ಮನೆಯ ಮಗನಲ್ಲ, ಯಾರಿಗೂ ಬೇಡದೆ ತಿಪ್ಪೆಗೆ ಬಿದ್ದದ್ದು, ಒಂದು ಮೊರ ನವಣೆಗೆ ಬಂದದ್ದು. ಇಂಥದರ ಮೇಲೆ ಅದು ಕಣ್ಣು ಹಾಕಲಾರದು ಎಂಬುದು ಅವರ ಲೆಕ್ಕ. ನಮ್ಮ ಕಡೆ ತಿಪ್ಪಣ್ಣ, ತಿಪ್ಪಯ್ಯ, ತಿಪ್ಪಮ್ಮ, ತಿಪ್ಪಕ್ಕ ಎಂಬ ಹೆಸರುಗಳು ಮನೆಗೊಂದರಂತೆ ಇದ್ದ ಕಾಲದಲ್ಲಿ ಆ ಹೆಸರು ಕೇಳಿದವರಿಗೆ ಕಸ ನೆನಪಾಗುತ್ತಿರಲಿಲ್ಲ. ಈ ತಾಯಿ ಹಿಂದೆ ಮಕ್ಕಳನ್ನು ಕಳೆದುಕೊಂಡಿದ್ದಾಳೆ ಎಂಬುದು ಕೇಳದೆಯೇ ತಿಳಿಯುತ್ತಿತ್ತು.

ಇನ್ನು ತಿಪ್ಪೆ ಎಂಬ ಪದದ ಮಾತು. ಲೇಖಕರು ನಗರದ ರಸ್ತೆಯ ತಿರುವಿನಲ್ಲಿ ಪ್ಲಾಸ್ಟಿಕ್ ಚೀಲಗಳ ಗುಡ್ಡೆಯನ್ನು ಕಂಡು ಅದನ್ನೇ ತಿಪ್ಪೆ ಎಂದು ತಿಳಿದಿದ್ದರೆ ತಪ್ಪು ಅವರದಲ್ಲ, ಕಾಲದ್ದು. ಒಕ್ಕಲುತನದ ಮನೆಗೆ ತಿಪ್ಪೆಯೆಂದರೆ ಮುಂದಿನ ವರ್ಷದ ಬೆಳೆ. ಸಗಣಿ, ಒಲೆಯ ಬೂದಿ, ದನ ತಿಂದು ಬಿಟ್ಟ ಸೊಪ್ಪೆಸದೆ ವರ್ಷವಿಡೀ ಬಿದ್ದು ಕೊಳೆತು, ಮುಂಗಾರಿಗೆ ಮುಂಚೆ ಗಾಡಿಯಲ್ಲಿ ಹೊಲ ಸೇರುತ್ತಿದ್ದುದು ಅಲ್ಲಿಂದಲೇ. ಹೆಣ್ಣು ಕೊಡಲು ಬಂದವರು ತಿಪ್ಪೆಯ ಗಾತ್ರ ನೋಡಿ ಮನೆಯ ದನಕರುಗಳ ಅಂದಾಜು ಮಾಡುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ದೀಪಾವಳಿಯಲ್ಲಿ ಹೊಸ್ತಿಲಿಗೆ, ಕೊಟ್ಟಿಗೆಗೆ ಇಟ್ಟಂತೆಯೇ ತಿಪ್ಪೆಗೂ ದೀಪ ಇಡುವ ಪದ್ಧತಿ ಅನೇಕ ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ. 'ತಿಪ್ಪೆ ಹೋಗಿ ಉಪ್ಪರಿಗೆ ಆಗುತ್ತೆ, ಉಪ್ಪರಿಗೆ ಹೋಗಿ ತಿಪ್ಪೆ ಆಗುತ್ತೆ' ಎಂಬ ಗಾದೆಯಲ್ಲಿ ತಿಪ್ಪೆ ಕೆಳಗಿನ ಸ್ಥಾನದಲ್ಲಿದ್ದರೂ ಮೇಲೇರುವ ಸಾಮರ್ಥ್ಯ ಅದಕ್ಕಿದೆಯೆಂಬುದನ್ನು ಗಮನಿಸಬೇಕು. ಹೊಲಕ್ಕೆ ಹೋಗುವ ತಿಪ್ಪೆ ಕರಗಿ ಅನ್ನವಾಗುತ್ತಿತ್ತು. ಇಂದಿನ ನಗರದ ತಿಪ್ಪೆ ಏನೂ ಆಗುವುದಿಲ್ಲ, ಅಲ್ಲಿಯೇ ಇರುತ್ತದೆ. ಪದ ಒಂದೇ, ಅದು ಸೂಚಿಸುವ ವಸ್ತು ಬೇರೆ. ನಡುವೆ ಸಿಕ್ಕಿಕೊಂಡವರು ಆ ಹೆಸರು ಹೊತ್ತ ನಾವು.

ಇದರ ಮೇಲೆ ದೈವದ ಸಂಗತಿಯೂ ಇದೆ. ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರು ಕೇಳದವರು ಮಧ್ಯ ಕರ್ನಾಟಕದಲ್ಲಿ ಇರಲಾರರು. 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ನುಡಿಯನ್ನು ಆ ಭಾಗದ ಜನ ಅವರ ಹೆಸರಿನಲ್ಲಿಯೇ ಹೇಳುತ್ತಾರೆ; ಬರದ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದರೆಂದು ನೆನೆಯುತ್ತಾರೆ; ಪ್ರತಿ ವರ್ಷ ಫಾಲ್ಗುಣದಲ್ಲಿ ನಡೆಯುವ ರಥೋತ್ಸವಕ್ಕೆ ನೆರೆಯ ಆಂಧ್ರಪ್ರದೇಶದಿಂದಲೂ ಜನ ಬರುತ್ತಾರೆ. ಹಾಗಾಗಿ ನಮ್ಮ ಸೀಮೆಯಲ್ಲಿ ಹರಕೆಯಿಂದ ತಿಪ್ಪೇಸ್ವಾಮಿಯಾದವರೂ ಇದ್ದಾರೆ, ಮೊರದಿಂದ ತಿಪ್ಪೇಸ್ವಾಮಿಯಾದವರೂ ಇದ್ದಾರೆ. ನನ್ನಂತೆ ಎರಡೂ ಸೇರಿ ಆದವರಿಗೂ ಕೊರತೆಯಿಲ್ಲ. ಹದಿನೈದನೆಯ ಶತಮಾನದ ವಿಜಯನಗರದಲ್ಲಿ ಸಾಳುವ ಮನೆತನದ ತಿಪ್ಪ ಅರಸುಮನೆಯ ಅಳಿಯನಾಗಿದ್ದನು. ನಮ್ಮ ಕಾಲದ ವಿದ್ವಾಂಸರಾದ ಎಚ್. ತಿಪ್ಪೇರುದ್ರಸ್ವಾಮಿಯವರಿಗೆ 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಇವರಾರಿಗೂ ಹೆಸರು ಅಡ್ಡಿಯಾದಂತೆ ಕಾಣುವುದಿಲ್ಲ.

ನನಗೆ ಅಡ್ಡಿಯಾದದ್ದು ತೀರ ಈಚೆಗೆ. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರಂತೆ. ಹಸಿರು ಕಾಗದದ ಎಲೆಗಳನ್ನು ಕತ್ತರಿಸಿ ಒಂದೊಂದರ ಮೇಲೆ ಒಂದೊಂದು ಹೆಸರು ಬರೆದು ಅಂಟಿಸಿಕೊಂಡು ಹೋದ ಹುಡುಗಿ ಸಂಜೆ ಫೋನು ಮಾಡಿ, 'ತಾತ, ನಿಮ್ಮ ಹೆಸರು ಅಂದ್ರೆ ಡಸ್ಟ್‌ಬಿನ್ನಾ?' ಎಂದು ಕೇಳಿದಳು. ಅದಕ್ಕೂ ಮೊದಲು ಒಂದು ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಬರೆದ ನನ್ನ ಹೆಸರನ್ನು ಓದಿ ಗುಮಾಸ್ತರೊಬ್ಬರು 'ಟಿಪ್ಪೆ ಸ್ವಾಮಿ ಯಾರ್ರೀ' ಎಂದು ಕೂಗಿದಾಗ ನಾನು ಎದ್ದು ನಿಲ್ಲದೆ ಸರದಿ ತಪ್ಪಿಸಿಕೊಂಡು ಇನ್ನೊಂದು ಗಂಟೆ ಕುಳಿತದ್ದಿದೆ. ಇಂಗ್ಲಿಷಿನ ಒಂದು ಅಕ್ಷರ ನನ್ನನ್ನು ತಿಪ್ಪೆಯಿಂದ ಬಿಡಿಸಿತ್ತು. ಬದಲಿಗೆ ಹೋಟೆಲಿನ ಮಾಣಿಗೆ ಕೊಡುವ ಟಿಪ್ಸಿನ ಹತ್ತಿರ ತಂದು ನಿಲ್ಲಿಸಿತ್ತು. ಮೊಮ್ಮಗಳಿಗೆ ಮೊರದ ಕತೆ ಹೇಳಿದೆ. 'ಒಂದು ಮೊರ ಅಂದ್ರೆ ಎಷ್ಟು ಕೇಜಿ ತಾತ?' ಎಂದಷ್ಟೇ ಅವಳು ಕೇಳಿದ್ದು.

ಒಂದು ಹೆಸರು ನಗೆಗೆ ಗುರಿಯಾಗುವುದೂ ಆಗದಿರುವುದೂ ಅದರ ಅರ್ಥವನ್ನು ಅವಲಂಬಿಸಿದೆಯೇ ಎಂದು ಯೋಚಿಸಿದರೆ ಹಾಗೇನೂ ಕಾಣುವುದಿಲ್ಲ. ನಂಜಪ್ಪ, ನಂಜಮ್ಮ, ನಂಜೇಗೌಡ ಎಂಬ ಹೆಸರುಗಳನ್ನು ತೆಗೆದುಕೊಳ್ಳಿ. ನಂಜು ಎಂದರೆ ವಿಷ. ಗಾಯಕ್ಕೆ ನಂಜೇರಿತು ಎಂದು ಇಂದಿಗೂ ಹೇಳುತ್ತೇವೆ. ಹಾಲಾಹಲವನ್ನು ಉಂಡ ಶಿವ ನಂಜುಂಡನಾಗಿ ಕಪಿಲೆಯ ದಡದ ನಂಜನಗೂಡಿನಲ್ಲಿ ನೆಲೆಸಿದ. ಭಕ್ತರ ಬಾಯಲ್ಲಿ ಆ ಹೆಸರು ಮೊಟಕಾಗುತ್ತ ಬಂದು 'ಉಂಡ' ಎಂಬುದು ಉದುರಿಹೋಗಿ ಬರಿಯ ನಂಜು ಉಳಿಯಿತು. ಅಕ್ಷರಶಃ ನೋಡಿದರೆ ನಂಜಮ್ಮನೆಂದರೆ ವಿಷದ ತಾಯಿ. ಆದರೂ ಮೈಸೂರು ಸೀಮೆಯಲ್ಲಿ ಯಾರೂ ಆ ಹೆಸರಿಗೆ ನಗುವುದಿಲ್ಲ, ಏಕೆಂದರೆ ದೇವರು ಅದರೊಳಗೆ ತುಂಬಿಕೊಂಡು ವಿಷಕ್ಕೆ ಜಾಗವನ್ನೇ ಬಿಟ್ಟಿಲ್ಲ. ಮಂಡ್ಯ ಮೈಸೂರು ಕಡೆಯ ಜವರೇಗೌಡ, ಜವರಮ್ಮ ಎಂಬ ಹೆಸರುಗಳದೂ ಇದೇ ಕತೆ. ಸಂಸ್ಕೃತದ ಯಮ ಕನ್ನಡದಲ್ಲಿ ಜವನಾದ, ಜವರಾಯನಾದ. ಸಾವಿನ ಒಡೆಯನ ಹೆಸರನ್ನೇ ಮಗುವಿಗಿಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ದೇ. ಜವರೇಗೌಡರ ಹೆಸರು ಕೇಳಿದಾಗ ಯಮನನ್ನು ನೆನೆದವರು ಯಾರಾದರೂ ಇದ್ದಾರೆಯೇ?

ಹುಚ್ಚಪ್ಪ, ಹುಚ್ಚಯ್ಯ ಎಂಬ ಹೆಸರುಗಳ ಪಾಡು ಇಷ್ಟು ಸುಖದ್ದಲ್ಲ. ಶಿಕಾರಿಪುರದಲ್ಲಿ ಆಂಜನೇಯನು ಹುಚ್ಚರಾಯಸ್ವಾಮಿಯೆಂದು ಪೂಜೆಗೊಳ್ಳುತ್ತಾನೆ. ಐಹೊಳೆಗೆ ಹೋದವರು ಹುಚ್ಚಪ್ಪಯ್ಯ ಮಠ, ಹುಚ್ಚಿಮಲ್ಲಿ ಗುಡಿ ಎಂಬ ಚಾಲುಕ್ಯರ ಕಾಲದ ಕಟ್ಟಡಗಳನ್ನು ನೋಡಿಬಂದಿರುತ್ತಾರೆ. ದೈವದ ಹುಚ್ಚು ಹಿಡಿದವನನ್ನು ಊರು ಗೌರವದಿಂದ ಕಾಣುತ್ತಿದ್ದ ಕಾಲದಲ್ಲಿ ಅದು ಬಿರುದು. ಮರುಳಸಿದ್ಧ ಎಂಬ ಹೆಸರಿನಲ್ಲಿಯೂ ಇರುವುದು ಅದೇ ಮರುಳು. ಹುಚ್ಚು ಎಂಬುದು ಆಸ್ಪತ್ರೆಯ ಮಾತೂ ಬೈಗುಳವೂ ಆದ ಮೇಲೆ ಈ ಹೆಸರಿನ ಹುಡುಗ ತರಗತಿಯಲ್ಲಿ ಹಾಜರಿ ಹೇಳುವುದೇ ಕಷ್ಟವಾಯಿತು.

ಅನ್ಯಭಾಷೆಯ ಪದವೊಂದು ಬಂದು ಹೆಸರಿನ ಪಕ್ಕದಲ್ಲಿ ನಿಂತು ಅದನ್ನು ಕೆಡಿಸುವುದೂ ಉಂಟು. ಬೋರೇದೇವರ ಒಕ್ಕಲಿನ ಬೋರೇಗೌಡರು ತಲೆತಲಾಂತರದಿಂದ ನೆಮ್ಮದಿಯಾಗಿದ್ದರು. ಇಂಗ್ಲಿಷಿನಿಂದ 'ಬೋರು' ಎಂಬ ಮಾತು ಎರಡು ದಾರಿಯಲ್ಲಿ ಬಂತು. ಒಂದು ಬೇಸರದ ಬೋರು, ಇನ್ನೊಂದು ಕೊಳವೆಬಾವಿಯ ಬೋರು. ನನ್ನ ತರಗತಿಯಲ್ಲಿದ್ದ ಒಬ್ಬ ಬೋರೇಗೌಡನಿಗೆ ಹುಡುಗರು ಎರಡರಿಂದಲೂ ಕಾಟ ಕೊಡುತ್ತಿದ್ದರು. ಗುಂಡಪ್ಪ ಎಂದರೆ ಗುಂಡಗಿನ ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು ಇಟ್ಟ ಹೆಸರು. ಈಗ ಗುಂಡು ಬಂದೂಕಿನೊಳಗಿದೆ, ಬಾಟಲಿಯೊಳಗಿದೆ. ಹಿಂದಿಯ ಗೂಂಡಾ ಬೇರೆ ಬಂದು ಕರ್ನಾಟಕದ 1985ರ ಗೂಂಡಾ ಕಾಯ್ದೆಯಲ್ಲಿ ಸೇರಿಕೊಂಡಿದ್ದಾನೆ. ಡಿ.ವಿ. ಗುಂಡಪ್ಪನವರಂಥವರು ಆ ಹೆಸರಿಗೆ ಕಾವಲು ನಿಂತಿರದಿದ್ದರೆ ಅದರ ಗತಿ ಏನಾಗುತ್ತಿತ್ತೋ. ಪಾಪಣ್ಣ, ಪಾಪಮ್ಮ ಎಂಬ ಹೆಸರುಗಳಲ್ಲಿ ಇರುವುದು ತೊಟ್ಟಿಲಿನ ಪಾಪು, ಪುಣ್ಯಕ್ಕೆ ಎದುರಾದ ಪಾಪವಲ್ಲ. ಅದನ್ನು ತಿಳಿಯದೆ ಸಂಸ್ಕೃತದ ಕನ್ನಡಕ ಹಾಕಿಕೊಂಡು ಓದಿ ಮೂಗು ಮುರಿದ ವಿದ್ಯಾವಂತರನ್ನು ನಾನು ಕಂಡಿದ್ದೇನೆ.

ಬಸವ ಎಂಬ ಹೆಸರು ಮಾತ್ರ ಒಂದು ಸೋಜಿಗ. ವೃಷಭ ಎಂಬುದರ ತದ್ಭವವಾದ ಬಸವ ಇಂದಿಗೂ ಎತ್ತೇ. ಬೆಂಗಳೂರಿನ ಬಸವನಗುಡಿಗೆ ಆ ಹೆಸರು ಬಂದದ್ದು ಕಲ್ಲಿನ ಬಸವನಿಂದ, ಕಲ್ಯಾಣದ ಬಸವಣ್ಣನವರಿಂದಲ್ಲ. ಯಾರು ಏನು ಹೇಳಿದರೂ ತಲೆಯಾಡಿಸುವವನನ್ನು ಕೋಲೆಬಸವ ಎಂದು ಹೀಯಾಳಿಸುವ ಅದೇ ಬಾಯಿ ಮರುಕ್ಷಣ ಬಸವಣ್ಣ ಎಂದು ಕೈಮುಗಿಯುತ್ತದೆ. ಎರಡಕ್ಕೂ ನಡುವೆ ಗೊಂದಲವೇ ಇಲ್ಲ. ಬಸವಣ್ಣನವರ ಕಾಲದ, ಎಂದರೆ ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಸಾಲಾಗಿ ಓದಿದರೆ ಇಂದಿನ ಪುರವಣಿಗೆ ಒಂದು ಪುಟ ನಗೆ ಸಿಕ್ಕೀತು: ಹೆಂಡದ ಮಾರಯ್ಯ, ನುಲಿಯ ಚಂದಯ್ಯ, ಕದಿರ ರೆಮ್ಮವ್ವೆ, ಆಯ್ದಕ್ಕಿ ಮಾರಯ್ಯ, ಸೂಳೆ ಸಂಕವ್ವೆ. ಮಾಡುವ ಕಾಯಕವನ್ನು, ಬಂದ ದಾರಿಯನ್ನು ಹೆಸರಿನ ಮುಂದೆಯೇ ಇಟ್ಟುಕೊಂಡು ನಡೆದವರು ಅವರು. ಹುಲಿಕಲ್ಲಿನಿಂದ ಕುದೂರಿನ ದಾರಿಗೆ ಆಲದ ಸಸಿಗಳನ್ನು ನೆಟ್ಟು ನೀರೆರೆದ ತಿಮ್ಮಕ್ಕನವರಿಗೆ ಜನ ಸಾಲುಮರದ ತಿಮ್ಮಕ್ಕ ಎಂದರಲ್ಲ, 2019ರ ಪದ್ಮಶ್ರೀ ಬರುವುದಕ್ಕೆ ಎಷ್ಟೋ ಮೊದಲು, ಅದು ಈ ಹಳೆಯ ಜಾಡಿನಲ್ಲಿಯೇ ಮೂಡಿದ ಹೆಸರು. (ಇನ್ನೂ ಹಿಂದಕ್ಕೆ ಹೋದರೆ, ಸುಮಾರು ಕ್ರಿ.ಶ. 700ರಲ್ಲಿ ಬಾದಾಮಿಯ ಬಂಡೆಯ ಮೇಲೆ 'ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ' ಎಂದು ಹೊಗಳಿಸಿಕೊಂಡ ವೀರನ ಹೆಸರು ಕಪ್ಪೆ ಅರಭಟ್ಟ. ಕಪ್ಪೆಯೆಂದು ಯಾರಾದರೂ ಅವನೆದುರಿಗೆ ನಕ್ಕಿದ್ದರೆ ಏನಾಗುತ್ತಿತ್ತೆಂಬುದನ್ನು ಆ ಶಾಸನದ ಮುಂದಿನ ಸಾಲುಗಳನ್ನು ಓದಿದವರು ಊಹಿಸಬಲ್ಲರು.)

ಉತ್ತರ ಕರ್ನಾಟಕದ ಅಡ್ಡಹೆಸರುಗಳನ್ನು ಲೇಖಕರು ಮುಟ್ಟದೆ ಬಿಟ್ಟದ್ದು ನನಗೆ ಆಶ್ಚರ್ಯ ತಂದಿತು. ತರಬೇತಿಗೆಂದು ಧಾರವಾಡಕ್ಕೆ ಹೋಗಿದ್ದಾಗ ಮೊದಲ ದಿನದ ಹಾಜರಿಯಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ, ಅಕ್ಕಿ ಎಂದು ಒಂದಾದ ಮೇಲೊಂದು ಕರೆದಾಗ, ಇದು ಶಿಕ್ಷಕರ ಪಟ್ಟಿಯೋ ಸಂತೆಯ ಚೀಟಿಯೋ ಎಂದು ಪಕ್ಕದವರನ್ನು ಕೇಳಿ ಪೇಚಿಗೆ ಸಿಕ್ಕವನು ನಾನು. ಪಕ್ಕದಲ್ಲಿದ್ದವರೇ ಉಳ್ಳಾಗಡ್ಡಿ. ಅವರು ಸಾವಧಾನವಾಗಿ, 'ನಮ್ಮ ಮುತ್ಯಾನ ಕಾಲಕ್ಕ ಉಳ್ಳಾಗಡ್ಡಿ ವ್ಯಾಪಾರ ಇತ್ರಿ. ಈಗ ಮನ್ಯಾಗ ಉಳ್ಳಾಗಡ್ಡಿ ತಿನ್ನೂದೂ ಕಡಿಮಿ, ಹೆಸರಷ್ಟ ಉಳದೈತಿ' ಎಂದರು. ಕಂಬಾರಿಕೆ ಮಾಡದ ಕಂಬಾರರು, ಮರ ಮುಟ್ಟದ ಬಡಿಗೇರರು, ಊರ ಲೆಕ್ಕ ಬರೆಯದ ಕುಲಕರ್ಣಿಗಳು, ಕೋಟೆ ಕಾಯದ ಕಿಲ್ಲೇದಾರರು ಇಂದು ಎಲ್ಲೆಡೆ ಇದ್ದಾರೆ. ಕಸುಬು ಹೋಗಿ ಮೂರು ತಲೆಮಾರು ಕಳೆದರೂ ಹೆಸರು ಅಲ್ಲೇ ನಿಂತಿದೆ. ಚಂದ್ರಶೇಖರ ಕಂಬಾರರ ಹೆಸರು ಕೇಳಿದರೆ ನಮಗೆ ಕುಲುಮೆಯ ಬದಲು ಜ್ಞಾನಪೀಠ ನೆನಪಾಗುತ್ತದೆ.

ಹೀಗೆ ನೋಡಿದಾಗ ಹಕ್ಕಿಪಿಕ್ಕಿ ಜನರ ಹೆಸರುಗಳಲ್ಲಿ ವಿಚಿತ್ರವೇನಿದೆ? ಹಕ್ಕಿಪಿಕ್ಕಿ ಎಂಬುದೇ ಕನ್ನಡದವರು ಅವರ ಹಕ್ಕಿ ಹಿಡಿಯುವ ಕಸುಬು ನೋಡಿ ಕೂಗಿದ ಹೆಸರು. ಅವರ ಮನೆಮಾತು ವಾಗ್ರಿ. ಬೇಟೆ ಕಾನೂನುಬಾಹಿರವಾಗಿ, ಅಲೆಮಾರಿ ಬದುಕು ಬಿಟ್ಟು ಬಿಡದಿ ಹತ್ತಿರದ ಭದ್ರಾಪುರದಂಥ ಊರುಗಳಲ್ಲಿ ನೆಲೆನಿಂತವರು ತಮ್ಮ ಸುತ್ತ ಕಂಡ ಹೊಸ ಲೋಕದಿಂದ ಹೆಸರುಗಳನ್ನು ಆಯ್ದುಕೊಂಡರು. ಕಾಫಿ, ಗ್ಲೂಕೋಸ್, ಮೈಸೂರ್ ಪಾಕ್, ಹೈಕೋರ್ಟ್, ಗೂಗಲ್ ಎಂಬ ಹೆಸರುಗಳೆಲ್ಲ ಪತ್ರಿಕೆಗಳಲ್ಲಿ ಎಷ್ಟೋ ಬಾರಿ ಬಂದಿವೆ. ದೇಸಾಯಿ, ಕಿಲ್ಲೇದಾರ ಎಂಬ ಅಧಿಕಾರದ ಮಾತುಗಳನ್ನು ನಾವು ಹೆಸರಾಗಿ ಹೊದ್ದುಕೊಳ್ಳಬಹುದಾದರೆ ಹೈಕೋರ್ಟ್ ಎಂಬುದನ್ನು ಅವರೇಕೆ ಹೊದೆಯಬಾರದು? ಬೆಲ್ಲದ ಎಂಬುದು ಗೌರವದ ಹೆಸರಾದರೆ ಮೈಸೂರ್ ಪಾಕ್ ಏಕೆ ಆಗದು, ಅದರಲ್ಲಿ ತುಪ್ಪವೂ ಇದೆಯಲ್ಲ.

ಹೊಸ ಹೆಸರುಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ನನ್ನ ತಕ್ಕಡಿಯೂ ಸರಿಯಿಲ್ಲವೆಂದಾಗುತ್ತದೆ. ಈಚೆಗೆ ನಾಮಕರಣದ ಕರೆಯೋಲೆಗಳಲ್ಲಿ ಹೆಸರಿನ ಕೆಳಗೆ ಅದರ ಅರ್ಥವನ್ನೂ ಅಚ್ಚು ಹಾಕಿಸುತ್ತಿದ್ದಾರೆ. ಅರ್ಥವನ್ನು ಬರೆದು ತಿಳಿಸಬೇಕಾಗಿ ಬಂದಿದೆಯೆಂದರೆ ಹೆಸರು ಯಾರಿಗೂ ಪರಿಚಯವಿಲ್ಲದ್ದು ಎಂದೇ ತಿಳಿಯಬೇಕು. ರಿಯಾಂಶ್ ಎಂಬ ಮಗುವಿನ ಕರೆಯೋಲೆಯಲ್ಲಿ 'ಸೂರ್ಯನ ಅಂಶ' ಎಂದಿತ್ತು. ರವಿಯ ಅಂಶವಾಗಿದ್ದರೆ ಸಂಧಿಯ ನಿಯಮದಂತೆ ರವ್ಯಂಶ ಆಗಬೇಕು. ರಿಯಾ ಎಂಬ ಸೂರ್ಯ ನಾನು ಬಲ್ಲ ಯಾವ ನಿಘಂಟಿನಲ್ಲಿಯೂ ಉದಯಿಸಿಲ್ಲ. ಊಟದ ಪಂಕ್ತಿಯಲ್ಲಿ ಇದನ್ನು ಹೇಳಲು ಬಾಯಿ ತೆರೆದಿದ್ದೆ, ನನ್ನ ಹೆಂಡತಿ ಕಣ್ಣಿನಲ್ಲಿಯೇ ತಡೆದಳು. ಅವಳು ತಡೆದದ್ದೇ ಸರಿಯಾಯಿತು. ಆ ಮಗು ಎಂಬತ್ತು ವರ್ಷ ಬಾಳಿದರೆ ರಿಯಾಂಶ್ ಎಂದರೆ ಅವನೇ ಎಂದಾಗುತ್ತದೆ, ಆಗ ಸಂಧಿ ಬಿಡಿಸುವವರು ಯಾರೂ ಇರುವುದಿಲ್ಲ.

ಎಲ್ಲ ಹೆಸರುಗಳನ್ನೂ ಹಾಗೆಯೇ ಉಳಿಸಿಕೊಳ್ಳಬೇಕೆಂದು ನಾನು ವಾದಿಸುತ್ತಿಲ್ಲ. ಸಾಲಾಗಿ ಹೆಣ್ಣುಮಕ್ಕಳು ಹುಟ್ಟಿದಾಗ ಇನ್ನು ಸಾಕು ಎಂದು ಇಟ್ಟ ಸಾಕಮ್ಮ ಎಂಬ ಹೆಸರಿನಲ್ಲಿ ನೋವಿದೆ. ಕಾಫಿಪುಡಿಯ ಉದ್ಯಮದಿಂದ ಬೆಂಗಳೂರಿನಲ್ಲಿ ಮನೆಮಾತಾದ ಸಾಕಮ್ಮನವರು ಆ ಹೆಸರಿಗೆ ಬೇರೆಯದೇ ತೂಕ ತಂದುಕೊಟ್ಟರು, ಬಸವನಗುಡಿಯ ಒಂದು ಬಡಾವಣೆ ಇಂದಿಗೂ ಅವರ ಹೆಸರಿನಲ್ಲಿದೆ. ಆದರೆ ಎಲ್ಲ ಸಾಕಮ್ಮಂದಿರಿಗೂ ಆ ಅವಕಾಶ ಸಿಗಲಿಲ್ಲ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ನಕೋಶಿ', ಅಂದರೆ ಬೇಡವಾದವಳು, ಎಂದು ಕರೆಸಿಕೊಳ್ಳುತ್ತಿದ್ದ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ 2011ರಲ್ಲಿ ಸಮಾರಂಭ ನಡೆಸಿ ಹೊಸ ಹೆಸರು ಕೊಟ್ಟದ್ದು ಅತ್ಯಂತ ಸರಿಯಾದ ಕೆಲಸ. ಜಾತಿಯ ಹೀಯಾಳಿಕೆಯನ್ನು ಹೊತ್ತ ಹೆಸರನ್ನು ಕಳಚಿಹಾಕಬಯಸುವವರಿಗೂ ಇದೇ ಮಾತು ಸಲ್ಲುತ್ತದೆ. ಬದಲಾಯಿಸುವ ಅಧಿಕಾರ ಮಾತ್ರ ಹೆಸರು ಹೊತ್ತವರದು. ಹಾಜರಿ ಪುಸ್ತಕ ಹಿಡಿದ ಮೇಷ್ಟರದಲ್ಲ, ಅರ್ಜಿ ತುಂಬುವ ಗುಮಾಸ್ತರದಲ್ಲ. ನಾನೂ ನನ್ನ ಮೊದಲ ವರ್ಷಗಳಲ್ಲಿ ಕೆಂಚ ಎಂಬ ಹುಡುಗನನ್ನು ಅವನ ಒಳಿತಿಗೆಂದೇ ಭಾವಿಸಿ ಕಾಂಚನಕುಮಾರ ಎಂದು ದಾಖಲಿಸಿದ್ದೆ. ಅವನ ತಂದೆ ಮರುದಿನ ಬಂದು, 'ಕೆಂಚಪ್ಪ ನಮ್ಮ ಮನೆದೇವ್ರು ಸ್ವಾಮಿ' ಎಂದು ಕೈಮುಗಿದು ನಿಂತಾಗ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕಿ ಮತ್ತೆ ಬರೆದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಎರಡು. ತಿಪ್ಪೇಸ್ವಾಮಿ ಎಂಬ ಹೆಸರಿಗೆ ಕೊಟ್ಟ ಅರ್ಥವನ್ನು ಮುಂದಿನ ಸಂಚಿಕೆಯಲ್ಲಿ ತಿದ್ದಿ ಪ್ರಕಟಿಸಬೇಕು. ಮತ್ತು ಇಂಥ ಬರಹಗಳನ್ನು ಬರೆಯಿಸುವಾಗ, ಹೆಸರು ಹೊತ್ತವರಲ್ಲಿ ಒಬ್ಬರನ್ನಾದರೂ 'ನಿಮಗೆ ಈ ಹೆಸರು ಹೇಗೆ ಬಂತು?' ಎಂದು ಕೇಳಿ ಬರೆಯುವಂತೆ ಲೇಖಕರಿಗೆ ತಿಳಿಸಬೇಕು. ಕೇಳಲು ಬರುವುದಾದರೆ ನಮ್ಮ ಮನೆಗೇ ಬರಲಿ. ನನ್ನನ್ನು ಮಲಗಿಸಿದ್ದ ಆ ಮೊರ ಅಟ್ಟದ ಮೇಲೆ ಇನ್ನೂ ಇದೆ. ಅಂಚಿನ ಕಟ್ಟು ಸಡಿಲಗೊಂಡು ಒಂದು ಮಗ್ಗುಲಲ್ಲಿ ಬಿದಿರು ಮುರಿದಿದೆಯಾದರೂ, ಮೂರು ಸೇರು ನವಣೆ ಹಿಡಿಯುತ್ತದೆ. ಮೊಮ್ಮಗಳು ರಜೆಗೆ ಬಂದಾಗ ಅಳೆದು ನೋಡಿದ್ದಾಳೆ.

ಇಂತಿ ತಮ್ಮ ಓದುಗ,
ತಿಪ್ಪೇಸ್ವಾಮಿ
ನಿವೃತ್ತ ಕನ್ನಡ ಅಧ್ಯಾಪಕ
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ